ಬೀಗ ಮಾಡುವವನ ಮನೆಗೇ ಕನ್ನ ಬಿದ್ದಾಗ

ಹಾಸನ ಜಿಲ್ಲೆಯ ವ್ಯಾಪಾರ ವಹಿವಾಟಿನ ಸ್ವರೂಪ ಕಳೆದ ಎರಡು ದಶಕಗಳಲ್ಲಿ ಬಹುಮಟ್ಟಿಗೆ ಬದಲಾಗಿದೆ. ಚನ್ನರಾಯಪಟ್ಟಣದ ಕೊಬ್ಬರಿ ವರ್ತಕರು, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಹೊಗೆಸೊಪ್ಪು ಮಾರುಕಟ್ಟೆಯನ್ನು ನೆಚ್ಚಿಕೊಂಡ ವ್ಯಾಪಾರಿಗಳು, ಹೊಳೆನರಸೀಪುರದ ಅಕ್ಕಿ ಗಿರಣಿಗಳ ಮಾಲೀಕರು, ಹಾಸನದ ಕೈಗಾರಿಕಾ ಪ್ರದೇಶದ ಸಣ್ಣ ಉತ್ಪಾದಕರು, ಇವರೆಲ್ಲರ ಲೆಕ್ಕಪತ್ರಗಳು ಒಂದು ಕಾಲದಲ್ಲಿ ಕೆಂಪು ಬಟ್ಟೆಯ ಹೊದಿಕೆಯ ಖಾತೆ ಪುಸ್ತಕಗಳಲ್ಲಿ ಇರುತ್ತಿದ್ದವು. ರಾತ್ರಿ ಅಂಗಡಿ ಮುಚ್ಚುವಾಗ ಮಾಲೀಕನು ಪುಸ್ತಕವನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಹೋಗುತ್ತಿದ್ದನು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ನಂತರ, ಇ-ವೇ ಬಿಲ್, ಯುಪಿಐ ಪಾವತಿ, ವಿದ್ಯುನ್ಮಾನ ಟೆಂಡರ್ ಮೊದಲಾದವು ರೂಢಿಗೆ ಬಂದ ಮೇಲೆ, ಖಾತೆ ಪುಸ್ತಕವು ಗಣಕಯಂತ್ರದೊಳಗೆ ಸೇರಿತು. ಕೀಲಿಕೈ ಮಾತ್ರ ಮಾಲೀಕನ ಸೊಂಟದಿಂದ ಬೇರೆಯವರ ಕೈಗೆ ಹೋಯಿತು.

ಈ ಬೇರೆಯವರು ಯಾರು? ಗಣಕಯಂತ್ರವನ್ನು ರಿಪೇರಿ ಮಾಡುವ ಅಂಗಡಿಯವರು, ಲೆಕ್ಕದ ತಂತ್ರಾಂಶವನ್ನು ಅಳವಡಿಸಿಕೊಡುವ ತಂತ್ರಜ್ಞರು, ತೆರಿಗೆ ವಿವರ ಸಲ್ಲಿಸುವ ಸಲಹೆಗಾರರು ಹಾಗೂ ಅವರ ಕಛೇರಿಯ ಸಹಾಯಕರು. ಇವರಲ್ಲಿ ಬಹುತೇಕರು ಪ್ರಾಮಾಣಿಕರು, ವರ್ತಕರ ಹಿತವನ್ನೇ ಬಯಸುವವರು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಪ್ರಾಮಾಣಿಕತೆಯೊಂದೇ ಸಾಲದು ಎಂಬುದನ್ನು ಈಚಿನ ವರ್ಷಗಳ ಘಟನೆಗಳು ತೋರಿಸಿಕೊಟ್ಟಿವೆ. ಅನ್ಯರ ಭದ್ರತೆಯನ್ನು ನೋಡಿಕೊಳ್ಳುವುದನ್ನೇ ವೃತ್ತಿಯಾಗಿಸಿಕೊಂಡ ಕಂಪನಿಗಳ ಮನೆಗೇ ಕನ್ನ ಬಿದ್ದಿದೆ. ಆ ಕನ್ನಗಳು ಬಿದ್ದ ಬಗೆಯನ್ನು ನೋಡಿದರೆ, ಅವು ಹಾಸನದ ಒಂದು ಸಾಧಾರಣ ಅಂಗಡಿಯಲ್ಲಿಯೂ ನಡೆಯಬಹುದಾದಂಥವು ಎಂಬುದು ಮನದಟ್ಟಾಗುತ್ತದೆ.

ಬೆಂಗಳೂರಿನ ಒಂದು ಪ್ರಸಂಗ

ಕ್ಲೌಡ್‌ಸೆಕ್ ಎಂಬುದು ಬೆಂಗಳೂರಿನಲ್ಲಿ ಕಛೇರಿಯನ್ನು ಹೊಂದಿರುವ ಸೈಬರ್ ಭದ್ರತಾ ಸಂಸ್ಥೆ. ಬ್ಯಾಂಕುಗಳಿಗೂ ದೊಡ್ಡ ಉದ್ಯಮಗಳಿಗೂ ಅವುಗಳ ಗುಟ್ಟುಗಳು ಕಳ್ಳರ ಸಂತೆಯಲ್ಲಿ ಮಾರಾಟಕ್ಕೆ ಬಂದಿವೆಯೇ ಎಂದು ಕಣ್ಣಿಟ್ಟು ಎಚ್ಚರಿಸುವುದು ಅದರ ಕೆಲಸಗಳಲ್ಲಿ ಒಂದು. 2022ರ ಡಿಸೆಂಬರ್ ತಿಂಗಳಿನಲ್ಲಿ ಆ ಸಂಸ್ಥೆಯ ಒಳಗೇ ಅಪರಿಚಿತನೊಬ್ಬನು ಪ್ರವೇಶಿಸಿದನು. ತನಿಖೆಯ ನಂತರ ಸಂಸ್ಥೆಯು ನಡೆದುದನ್ನು ತಾನಾಗಿಯೇ ಬಹಿರಂಗಪಡಿಸಿತು.

ನಡೆದುದಿಷ್ಟು. ಸಂಸ್ಥೆಯ ನೌಕರರೊಬ್ಬರ ಲ್ಯಾಪ್‌ಟಾಪ್ ತೊಂದರೆ ಕೊಟ್ಟಿತು. ಅದನ್ನು ಹೊರಗಿನ ರಿಪೇರಿದಾರರಿಗೆ ಒಪ್ಪಿಸಲಾಯಿತು. ಅವರು ವಿಂಡೋಸ್ ಅನ್ನು ಹೊಸದಾಗಿ ಅಳವಡಿಸಿ ಹಿಂದಿರುಗಿಸಿದರು. ಆದರೆ ಹಾಗೆ ಹಿಂದಿರುಗಿದ ಯಂತ್ರದಲ್ಲಿ ವಿಡಾರ್ ಎಂಬ ಕಳ್ಳ ತಂತ್ರಾಂಶವೂ ಸೇರಿಕೊಂಡಿತ್ತು. ಯಂತ್ರದಲ್ಲಿ ಬಳಸುವ ಗುಪ್ತಪದಗಳನ್ನೂ ಪ್ರವೇಶದ ಗುರುತುಗಳನ್ನೂ ಸದ್ದಿಲ್ಲದೆ ಹೊರಕ್ಕೆ ಸಾಗಿಸುವುದೇ ಅದರ ಕೆಲಸ. ಸಾಗಿಸಿದ ಸರಕು ಕಳ್ಳಸಂತೆಯಲ್ಲಿ ಮಾರಾಟಕ್ಕೆ ಬಂದಿತು. ಅದನ್ನು ಅದೇ ದಿನ ಒಬ್ಬನು ಕೊಂಡುಕೊಂಡನು.

ಸಂಸ್ಥೆಯಲ್ಲಿ ಗುಪ್ತಪದದ ಜೊತೆಗೆ ಮೊಬೈಲ್‌ಗೆ ಬರುವಂಥ ಎರಡನೆಯ ದೃಢೀಕರಣವೂ ಇದ್ದುದರಿಂದ, ಕದ್ದ ಗುಪ್ತಪದಗಳು ಅವನಿಗೆ ಪ್ರಯೋಜನಕ್ಕೆ ಬರಲಿಲ್ಲ. ಆಗ ಅವನು ಬಳಸಿದ್ದು ಪ್ರವೇಶದ ಗುರುತನ್ನು. ಇದನ್ನು ಜಾತ್ರೆಯ ಪ್ರದರ್ಶನದ ಉದಾಹರಣೆಯಿಂದ ತಿಳಿಯಬಹುದು. ಬಾಗಿಲಲ್ಲಿ ಚೀಟಿ ತೋರಿಸಿ ಒಳಹೋದವರ ಕೈಮೇಲೆ ಒಂದು ಮುದ್ರೆಯನ್ನು ಒತ್ತುತ್ತಾರೆ. ಅವರು ಹೊರಗೆ ಬಂದು ಮತ್ತೆ ಒಳಹೋಗುವಾಗ ಯಾರೂ ಚೀಟಿ ಕೇಳುವುದಿಲ್ಲ, ಮುದ್ರೆಯನ್ನು ನೋಡಿ ಬಿಡುತ್ತಾರೆ. ಗಣಕಯಂತ್ರದಲ್ಲಿಯೂ ಒಮ್ಮೆ ಗುಪ್ತಪದ ಕೊಟ್ಟು ಒಳಹೋದವರಿಗೆ ಇಂಥದೊಂದು ಮುದ್ರೆ ದೊರೆಯುತ್ತದೆ. ತಂತ್ರಜ್ಞರು ಇದನ್ನು ಕುಕಿ ಎಂದು ಕರೆಯುತ್ತಾರೆ. ಆ ಮುದ್ರೆಯನ್ನೇ ಕದ್ದವನಿಗೆ ಗುಪ್ತಪದವೂ ಬೇಡ, ಒಟಿಪಿಯೂ ಬೇಡ. ಹೀಗೆ ಒಳನುಗ್ಗಿದವನು ಸಂಸ್ಥೆಯ ಒಳಗಿನ ಕೆಲವು ಕಡತಗಳನ್ನು, ಕೆಲವು ಗ್ರಾಹಕರ ಹೆಸರುಗಳನ್ನು ಹಾಗೂ ಮೂರು ಕಂಪನಿಗಳ ಖರೀದಿ ಆದೇಶಗಳನ್ನು ನೋಡಿದನು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕಳ್ಳನು ಕೋಟೆಯ ಗೋಡೆಯನ್ನು ಒಡೆಯಲಿಲ್ಲ. ನಿಪುಣರಾದ ಕಾವಲುಗಾರರೊಡನೆ ಹೋರಾಡಲಿಲ್ಲ. ರಿಪೇರಿಗೆ ಹೋಗಿ ಬಂದ ಒಂದು ಲ್ಯಾಪ್‌ಟಾಪ್ ಅವನಿಗೆ ದಾರಿ ಮಾಡಿಕೊಟ್ಟಿತು. ಹಾಸನ ನಗರದಲ್ಲಾಗಲಿ ಮೂರು ತಾಲ್ಲೂಕು ಕೇಂದ್ರಗಳಲ್ಲಾಗಲಿ, ರಿಪೇರಿಗೆ ಹೋಗಿಬಾರದ ಗಣಕಯಂತ್ರವು ಯಾವ ಅಂಗಡಿಯಲ್ಲಿದೆ?

ದೊಡ್ಡವರ ಮನೆಯ ಸಣ್ಣ ಕಿಂಡಿಗಳು

ಇದು ಬೆಂಗಳೂರಿನ ಒಂದು ಸಂಸ್ಥೆಗೆ ಮಾತ್ರ ಒದಗಿದ ದುರದೃಷ್ಟವಲ್ಲ. ಅಮೆರಿಕದ ಆರ್‌ಎಸ್‌ಎ ಸಂಸ್ಥೆಯು ಬ್ಯಾಂಕು ಮತ್ತು ರಕ್ಷಣಾ ಉದ್ಯಮಗಳಿಗೆ ಗುಪ್ತಸಂಖ್ಯೆಯನ್ನು ನೀಡುವ ಪುಟ್ಟ ಸಾಧನಗಳನ್ನು ತಯಾರಿಸುತ್ತಿತ್ತು. 2011ರ ಮಾರ್ಚ್‌ನಲ್ಲಿ ಆ ಸಾಧನಗಳ ಗುಟ್ಟಿಗೇ ಸಂಬಂಧಿಸಿದ ಮಾಹಿತಿ ಕಳುವಾಯಿತು. ಅದರ ನೌಕರರಿಗೆ ಬಂದ ಒಂದು ಮಿಂಚಂಚೆಯೇ ಇದಕ್ಕೆ ಮೂಲ. ಅದರೊಂದಿಗೆ ಇದ್ದ ಎಕ್ಸೆಲ್ ಕಡತದ ಹೆಸರು '2011ರ ನೇಮಕಾತಿ ಯೋಜನೆ' ಎಂಬರ್ಥದ್ದು. ಅಂಚೆಯು ಕಸದ ಬುಟ್ಟಿಗೆ ಸೇರಿದ್ದರೂ, ನೌಕರರೊಬ್ಬರು ಕುತೂಹಲದಿಂದ ಅದನ್ನು ಅಲ್ಲಿಂದ ಹೊರತೆಗೆದು ತೆರೆದರು. ಅದರ ಪರಿಣಾಮಗಳನ್ನು ಸರಿಪಡಿಸಲು ಮಾತೃಸಂಸ್ಥೆಯು ಸುಮಾರು 6.6 ಕೋಟಿ ಡಾಲರ್ ವ್ಯಯಿಸಬೇಕಾಯಿತು.

ಅದೇ ವರ್ಷದ ಫೆಬ್ರವರಿಯಲ್ಲಿ ಎಚ್‌ಬಿಗ್ಯಾರಿ ಫೆಡರಲ್ ಎಂಬ ಮತ್ತೊಂದು ಭದ್ರತಾ ಕಂಪನಿಯು, ತಾನು 'ಅನಾನಿಮಸ್' ಗುಂಪಿನ ಹ್ಯಾಕರ್‌ಗಳ ಗುರುತನ್ನು ಪತ್ತೆ ಮಾಡಿರುವುದಾಗಿ ಹೇಳಿಕೊಂಡಿತು. ಕೆಲವೇ ದಿನಗಳಲ್ಲಿ ಆ ಗುಂಪು ಕಂಪನಿಯ ಸಾವಿರಾರು ಪತ್ರಗಳನ್ನು ಬೀದಿಗೆ ತಂದಿತು. ಕಂಪನಿಯ ಮುಖ್ಯಸ್ಥರು ಒಂದೇ ಗುಪ್ತಪದವನ್ನು ಹಲವು ಕಡೆ ಬಳಸುತ್ತಿದ್ದುದು ಅವರಿಗೆ ಅನುಕೂಲವಾಯಿತು. ಒಂದೇ ಕೀಲಿಕೈಯಿಂದ ಅಂಗಡಿ, ಗೋದಾಮು, ಮನೆ, ತಿಜೋರಿಗಳೆಲ್ಲವನ್ನೂ ತೆರೆಯುವಂತೆ ಯಾವ ವರ್ತಕನೂ ಬೀಗ ಮಾಡಿಸುವುದಿಲ್ಲ. ಗಣಕಯಂತ್ರದ ಮುಂದೆ ಕುಳಿತಾಗ ಮಾತ್ರ ಈ ವಿವೇಕ ಮರೆತುಹೋಗುತ್ತದೆ.

2020ರ ಡಿಸೆಂಬರ್‌ನಲ್ಲಿ ಫೈರ್‌ಐ ಎಂಬ ಪ್ರಖ್ಯಾತ ಸಂಸ್ಥೆಯ ಸರದಿ ಬಂದಿತು. ಗ್ರಾಹಕರ ಕೋಟೆಗಳನ್ನು ಪರೀಕ್ಷಿಸಲು ಅದು ಸಿದ್ಧಪಡಿಸಿದ್ದ ಆಯುಧಗಳೇ ಕಳುವಾದವು. ಸೋಲಾರ್‌ವಿಂಡ್ಸ್ ಎಂಬ ತಂತ್ರಾಂಶದ ನವೀಕರಣದ ಮೂಲಕ ಕಳ್ಳರು ಬಂದಿದ್ದರು. ಆ ಕಲುಷಿತ ನವೀಕರಣವು ಸುಮಾರು 18,000 ಗ್ರಾಹಕರನ್ನು ತಲುಪಿತ್ತು ಎಂಬುದು ನಂತರ ತಿಳಿಯಿತು. ಇಷ್ಟು ದೊಡ್ಡ ಸಂಚು ಬಯಲಾದ ಬಗೆ ಸ್ವಾರಸ್ಯಕರವಾಗಿದೆ. ಒಬ್ಬ ನೌಕರರ ಹೆಸರಿನಲ್ಲಿ ಎರಡನೆಯ ಮೊಬೈಲ್ ನೋಂದಣಿಯಾಗಿರುವುದು ಭದ್ರತಾ ವಿಭಾಗದ ಕಣ್ಣಿಗೆ ಬಿದ್ದಿತು. 'ಇದು ನಿಮ್ಮದೇ ಏನು?' ಎಂದು ಅವರನ್ನು ಕೇಳಲಾಯಿತು. ಅಲ್ಲವೆಂಬ ಉತ್ತರ ಬಂದಿತು. ಯಾವ ಯಂತ್ರವೂ ಹಿಡಿಯಲಾರದುದನ್ನು ಒಂದು ಸರಳ ವಿಚಾರಣೆ ಹಿಡಿಯಿತು.

ಇವುಗಳಿಂದ ಭದ್ರತಾ ಕಂಪನಿಗಳು ನಿರುಪಯುಕ್ತವೆಂಬ ತೀರ್ಮಾನಕ್ಕೆ ಬರುವುದು ತಪ್ಪಾದೀತು. ವೈದ್ಯರಿಗೂ ಜ್ವರ ಬರುತ್ತದೆ. ಅದಕ್ಕಾಗಿ ಯಾರೂ ವೈದ್ಯರ ಬಳಿ ಹೋಗುವುದನ್ನು ನಿಲ್ಲಿಸುವುದಿಲ್ಲ. ಕ್ಲೌಡ್‌ಸೆಕ್ ಮತ್ತು ಫೈರ್‌ಐ ಸಂಸ್ಥೆಗಳು ತಮ್ಮ ಮನೆಯ ಕಳ್ಳತನವನ್ನು ಮುಚ್ಚಿಡದೆ, ಕಳ್ಳನು ಬಂದ ದಾರಿಯನ್ನು ಜಗತ್ತಿಗೆ ತಿಳಿಸಿದವು. ಅದರಿಂದ ಇತರರು ಎಚ್ಚೆತ್ತುಕೊಂಡರು. ಸೇವೆ ನೀಡುವವರನ್ನು ಆಯ್ಕೆ ಮಾಡುವಾಗ ವರ್ತಕರು 'ನಿಮ್ಮಲ್ಲಿ ಎಂದಾದರೂ ಕಳುವಾಗಿದೆಯೇ' ಎಂದು ಕೇಳುವುದಕ್ಕಿಂತ, 'ಕಳುವಾದರೆ ಎಷ್ಟು ಹೊತ್ತಿನಲ್ಲಿ ತಿಳಿಸುವಿರಿ' ಎಂದು ಕೇಳುವುದು ಲೇಸು. ಮೊದಲನೆಯ ಪ್ರಶ್ನೆಗೆ ಎಲ್ಲರೂ ಇಲ್ಲವೆಂದೇ ಹೇಳುತ್ತಾರೆ. ಎರಡನೆಯದಕ್ಕೆ ಬರುವ ಉತ್ತರದಲ್ಲಿ ಅವರ ಯೋಗ್ಯತೆ ತಿಳಿಯುತ್ತದೆ.

ಹ್ಯಾಕರ್‌ಗಳನ್ನು ಕೆಲಸಕ್ಕೆ ಇಟ್ಟುಕೊಳ್ಳಬಹುದೇ?

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂಬ ಗಾದೆಯಂತೆ, ಕಳ್ಳನ ಜಾಡು ಕಳ್ಳನಿಗೇ ತಿಳಿದಿರುವುದರಿಂದ ಹ್ಯಾಕರ್‌ಗಳನ್ನೇ ಕಾವಲಿಗೆ ನೇಮಿಸಬೇಕೆಂಬ ವಾದವೊಂದಿದೆ. ಇದಕ್ಕೆ ಪುಷ್ಟಿ ಕೊಡುವ ಉದಾಹರಣೆಗಳೂ ಇವೆ. ಅಮೆರಿಕದ ಕೆವಿನ್ ಮಿಟ್ನಿಕ್ 1995ರಲ್ಲಿ ಬಂಧಿತನಾಗಿ, ಸುಮಾರು ಐದು ವರ್ಷ ಸೆರೆಮನೆಯಲ್ಲಿದ್ದು, 2000ದ ಜನವರಿಯಲ್ಲಿ ಬಿಡುಗಡೆ ಹೊಂದಿದರು. ಮುಂದೆ ಅವರೇ ಹೆಸರಾಂತ ಭದ್ರತಾ ಸಲಹೆಗಾರರಾದರು. ನೋಬಿಫೋರ್ ಎಂಬ ಭದ್ರತಾ ತರಬೇತಿ ಕಂಪನಿಯಲ್ಲಿ ಮುಖ್ಯ ಹ್ಯಾಕಿಂಗ್ ಅಧಿಕಾರಿ ಎಂಬ ಹುದ್ದೆಯನ್ನೂ ವಹಿಸಿದ್ದರು. 2023ರಲ್ಲಿ ಅವರು ನಿಧನರಾದರು.

ಕಾನೂನಿನ ಚೌಕಟ್ಟಿನೊಳಗೇ ಈ ವಿದ್ಯೆಯಿಂದ ಹಣ ಸಂಪಾದಿಸಿದವರೂ ಇದ್ದಾರೆ. ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಸಂಸ್ಥೆಯ ಭದ್ರತಾ ವಿಭಾಗದಲ್ಲಿದ್ದ ಆನಂದ್ ಪ್ರಕಾಶ್ ಎಂಬ ಯುವ ತಂತ್ರಜ್ಞರು 2016ರಲ್ಲಿ ಫೇಸ್‌ಬುಕ್‌ನ ಒಂದು ಗಂಭೀರ ದೋಷವನ್ನು ಕಂಡುಹಿಡಿದರು. ಯಾರ ಖಾತೆಯ ಗುಪ್ತಪದವನ್ನಾದರೂ ಬದಲಿಸಲು ಅವಕಾಶ ಕೊಡುತ್ತಿದ್ದ ದೋಷ ಅದು. ಅವರು ಅದನ್ನು ದುರುಪಯೋಗಪಡಿಸದೆ ಕಂಪನಿಗೆ ತಿಳಿಸಿದರು. ಕಂಪನಿಯು 15,000 ಡಾಲರ್ ಬಹುಮಾನ ನೀಡಿತು. ಅದೇ ವರ್ಷ ಅಮೆರಿಕದ ರಕ್ಷಣಾ ಇಲಾಖೆಯೂ ಹ್ಯಾಕರ್‌ಗಳನ್ನು ಆಹ್ವಾನಿಸಿ, ತನ್ನ ಜಾಲತಾಣಗಳಲ್ಲಿನ ದೋಷಗಳನ್ನು ಹುಡುಕಿಕೊಟ್ಟವರಿಗೆ ಬಹುಮಾನ ಕೊಟ್ಟಿತು.

ಕಳ್ಳನಿಗೂ ಇಂಥ ಪರೀಕ್ಷಕರಿಗೂ ವಿದ್ಯೆಯಲ್ಲಿ ಹೆಚ್ಚಿನ ಭೇದವಿಲ್ಲ. ಭೇದವಿರುವುದು ಅನುಮತಿಯಲ್ಲಿ. ಭಾರತದ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯೂ ಇದನ್ನೇ ಹೇಳುತ್ತದೆ. ಮಾಲೀಕನ ಅನುಮತಿಯಿಲ್ಲದೆ ಗಣಕಯಂತ್ರವನ್ನು ಪ್ರವೇಶಿಸುವುದು ಅದರ 43ನೇ ಕಲಮಿನಲ್ಲಿ ಬರುತ್ತದೆ. ಅದನ್ನು ಅಪ್ರಾಮಾಣಿಕವಾಗಿ ಅಥವಾ ವಂಚನೆಯ ಉದ್ದೇಶದಿಂದ ಮಾಡಿದರೆ, 66ನೇ ಕಲಮಿನಂತೆ ಮೂರು ವರ್ಷಗಳವರೆಗೆ ಸೆರೆವಾಸ ಅಥವಾ ಐದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಅದೇ ಕೆಲಸವನ್ನು ಮಾಲೀಕನ ಲಿಖಿತ ಅನುಮತಿ ಪಡೆದು ಮಾಡಿದರೆ ಅದು ಗೌರವಯುತವಾದ ಉದ್ಯೋಗ. ಒಂದು ಹಾಳೆಯ ಪತ್ರವು ಅಪರಾಧವನ್ನೂ ಉದ್ಯೋಗವನ್ನೂ ಬೇರ್ಪಡಿಸುತ್ತದೆ.

ರಾಜ್ಯ ಸರ್ಕಾರಕ್ಕಾದ ಅನುಭವ

ಲಿಖಿತ ಅನುಮತಿಯ ಜೊತೆಗೆ ಮೇಲ್ವಿಚಾರಣೆಯೂ ಇರಬೇಕೆಂಬುದಕ್ಕೆ ಕರ್ನಾಟಕದಲ್ಲಿಯೇ ಒಂದು ಪ್ರಸಂಗವಿದೆ. 2019ರಲ್ಲಿ ರಾಜ್ಯ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಜಾಲತಾಣಕ್ಕೆ ಕನ್ನ ಹಾಕಿ ಸುಮಾರು 11.5 ಕೋಟಿ ರೂಪಾಯಿಗಳನ್ನು ಲಪಟಾಯಿಸಲಾಯಿತು. ಟೆಂಡರ್ ಸಲ್ಲಿಸುವ ಗುತ್ತಿಗೆದಾರರು ಮತ್ತು ಸರಬರಾಜುದಾರರು ಕಟ್ಟುವ ಇ.ಎಂ.ಡಿ. ಠೇವಣಿಯ ಹಣ ಇರುತ್ತಿದ್ದುದು ಇದೇ ವ್ಯವಸ್ಥೆಯಲ್ಲಿ. ಸರ್ಕಾರಿ ಇಲಾಖೆಗಳಿಗೆ ಪೀಠೋಪಕರಣ, ಮುದ್ರಣ ಸಾಮಗ್ರಿ, ಯಂತ್ರದ ಬಿಡಿಭಾಗ ಪೂರೈಸುವ ಜಿಲ್ಲೆಯ ಸಣ್ಣ ಉದ್ದಿಮೆದಾರರಿಗೆ ಈ ಠೇವಣಿಯ ಬೆಲೆ ಏನೆಂಬುದನ್ನು ವಿವರಿಸಬೇಕಾಗಿಲ್ಲ. ಅನೇಕ ಸಲ ಅದು ಸಾಲ ತಂದು ಕಟ್ಟಿದ ಹಣವೇ ಆಗಿರುತ್ತದೆ.

2020ರ ನವೆಂಬರ್‌ನಲ್ಲಿ ಮಾದಕ ವಸ್ತು ಪ್ರಕರಣವೊಂದರಲ್ಲಿ ಬೆಂಗಳೂರಿನ ಯುವಕನೊಬ್ಬನು ಬಂಧಿತನಾದಾಗ, ಈ ಕನ್ನದ ಆರೋಪವೂ ಅವನ ಮೇಲೆ ಬಂದಿತು. ಮುಂದೆ 'ಬಿಟ್‌ಕಾಯಿನ್ ಹಗರಣ' ಎಂದೇ ಇದು ಹೆಸರಾಯಿತು. 2023ರಲ್ಲಿ ರಾಜ್ಯ ಸರ್ಕಾರವು ವಿಶೇಷ ತನಿಖಾ ತಂಡವನ್ನು ರಚಿಸಿತು. 2024ರ ಜನವರಿಯಲ್ಲಿ ಆ ತಂಡವು ಒಬ್ಬ ಪೊಲೀಸ್ ಇನ್‌ಸ್ಪೆಕ್ಟರ್ ಅನ್ನೂ, ಮೊದಲಿನ ತನಿಖೆಗೆ ನೆರವಾಗಲು ಪೊಲೀಸರು ಕರೆಸಿಕೊಂಡಿದ್ದ ಖಾಸಗಿ ಸೈಬರ್ ಕಂಪನಿಯ ಮುಖ್ಯಸ್ಥರನ್ನೂ ಬಂಧಿಸಿತು. ಆರೋಪಿಯು ವಶದಲ್ಲಿದ್ದ ಅವಧಿಯಲ್ಲಿ ವಿದ್ಯುನ್ಮಾನ ಸಾಕ್ಷ್ಯಗಳನ್ನು ತಿರುಚಲಾಯಿತೆಂಬುದು ತಂಡದ ಆರೋಪ. ಆರೋಪ ಸಾಬೀತಾಗುವವರೆಗೆ ಯಾರನ್ನೂ ಅಪರಾಧಿಯೆಂದು ಕರೆಯುವಂತಿಲ್ಲ. ಆದರೆ ಇಂಥದೊಂದು ಸಂಶಯಕ್ಕೆ ಆಸ್ಪದ ಉಂಟಾದುದೇ ಒಂದು ಪಾಠ. ಪರಿಣತರನ್ನು ಕರೆಸಿ, ಅವರು ಮಾಡುವ ಕೆಲಸವನ್ನು ಅರಿತು ನೋಡಬಲ್ಲ ಎರಡನೆಯ ಕಣ್ಣನ್ನು ಇಡದಿದ್ದರೆ, ಬೇಲಿಯೇ ಎದ್ದು ಹೊಲ ಮೇಯಿತೇ ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಯಾರಿಗೂ ಸಾಧ್ಯವಾಗುವುದಿಲ್ಲ. ಪ್ರಾಮಾಣಿಕ ಪರಿಣತರಿಗೂ ತಮ್ಮ ನಿರ್ದೋಷಿತ್ವವನ್ನು ತೋರಿಸಲು ದಾರಿಯಿರುವುದಿಲ್ಲ.

ಹಳೆಯ ಇತಿಹಾಸವುಳ್ಳ ಹ್ಯಾಕರ್‌ಗಿಂತ, ಇತಿಹಾಸವೇ ತಿಳಿಯದ ಸಭ್ಯ ನೌಕರನು ಹೆಚ್ಚು ಅಪಾಯಕಾರಿಯಾಗಬಹುದೆಂಬುದಕ್ಕೂ ನಿದರ್ಶನವಿದೆ. ಮಿಟ್ನಿಕ್ ಅವರಿದ್ದ ಅದೇ ನೋಬಿಫೋರ್ ಕಂಪನಿಯು 2024ರಲ್ಲಿ ತಂತ್ರಾಂಶ ಎಂಜಿನಿಯರ್ ಒಬ್ಬನನ್ನು ನೇಮಿಸಿಕೊಂಡಿತು. ವೀಡಿಯೊ ಮೂಲಕ ನಾಲ್ಕು ಸಂದರ್ಶನಗಳು ನಡೆದವು, ಹಿನ್ನೆಲೆಯ ಪರಿಶೀಲನೆಯೂ ಆಯಿತು. ಜುಲೈ ತಿಂಗಳಿನಲ್ಲಿ ಕಂಪನಿಯು ಕಳುಹಿಸಿದ ಗಣಕಯಂತ್ರವು ಕೈ ಸೇರಿದ ಕೂಡಲೇ ಅವನು ಅದರಲ್ಲಿ ಕಳ್ಳ ತಂತ್ರಾಂಶಗಳನ್ನು ತುಂಬತೊಡಗಿದನು. ಬೇರೊಬ್ಬ ಅಮೆರಿಕನ್ ಪ್ರಜೆಯ ಗುರುತನ್ನು ಕದ್ದು, ಕೃತಕ ಬುದ್ಧಿಮತ್ತೆಯಿಂದ ತಿದ್ದಿದ ಭಾವಚಿತ್ರವನ್ನು ಕೊಟ್ಟು ಕೆಲಸಕ್ಕೆ ಸೇರಿದ್ದ ಅವನು ಉತ್ತರ ಕೊರಿಯಾದವನೆಂದು ತಿಳಿದುಬಂದಿತು. ಹೊಸಬರಿಗೆ ಆರಂಭದಲ್ಲಿ ಎಲ್ಲ ಕೋಣೆಗಳ ಕೀಲಿಕೈಯನ್ನೂ ಕೊಡಬಾರದೆಂಬ ನಿಯಮವಿದ್ದುದರಿಂದ ಕಂಪನಿಯ ಮಾಹಿತಿ ಉಳಿಯಿತು. ಆ ಕಂಪನಿಯನ್ನು ಕಾಪಾಡಿದ್ದು ಈ ಹಳೆಯ ಕಾಲದ ನಿಯಮವೇ. ಹೊಸ ಗುಮಾಸ್ತನಿಗೆ ಮೊದಲ ದಿನವೇ ತಿಜೋರಿಯ ಕೀಲಿಕೈ ಕೊಡಬಾರದೆಂಬುದು ಹಾಸನದ ಹಿರಿಯ ವರ್ತಕರಿಗೆ ತಿಳಿಯದ ಸಂಗತಿಯೇನಲ್ಲ.

'ನಮ್ಮಂಥ ಸಣ್ಣವರ ಬಳಿ ಯಾರು ಬರುತ್ತಾರೆ?'

ಜಿಲ್ಲೆಯ ವರ್ತಕರಲ್ಲಿ ಈ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಮೇಲ್ನೋಟಕ್ಕೆ ಇದು ಸರಿಯೆನಿಸಿದರೂ, ಕಳ್ಳಸಂತೆಯ ರೀತಿಯೇ ಬೇರೆ. ವಿಡಾರ್‌ನಂಥ ತಂತ್ರಾಂಶವು ಅದು ದೊಡ್ಡವರ ಯಂತ್ರವೋ ಸಣ್ಣವರದೋ ಎಂದು ನೋಡುವುದಿಲ್ಲ. ಹೇಮಾವತಿಯಲ್ಲಿ ಬೀಸಿದ ಬಲೆಯಂತೆ ಸಿಕ್ಕಿದ್ದನ್ನೆಲ್ಲ ಎಳೆದುಕೊಳ್ಳುತ್ತದೆ. ಸಿಕ್ಕಿದ್ದು ಸಂತೆಗೆ ಬಂದ ಮೇಲೆ ಗಿರಾಕಿಯು ತನಗೆ ಬೇಕಾದುದನ್ನು ಆರಿಸಿಕೊಳ್ಳುತ್ತಾನೆ. ಸಣ್ಣ ವರ್ತಕನ ಬ್ಯಾಂಕ್ ಖಾತೆಯಲ್ಲಿ ಹಣ ಕಡಿಮೆಯಿರಬಹುದು. ಆದರೆ ಅವನ ಹೆಸರು, ಪ್ಯಾನ್ ಸಂಖ್ಯೆ, ತೆರಿಗೆ ನೋಂದಣಿಗಳಿಗೆ ಬೆಲೆಯಿದೆ. ಅನ್ಯರ ದಾಖಲೆಗಳನ್ನು ಬಳಸಿ ಸುಳ್ಳು ಜಿಎಸ್‌ಟಿ ನೋಂದಣಿ ಪಡೆಯುವವರ ಹಾವಳಿ ಹೆಚ್ಚಿದ್ದರಿಂದಲೇ 2023ರ ಮೇ ತಿಂಗಳಿನಿಂದ ಎರಡು ತಿಂಗಳ ಕಾಲ ದೇಶದಾದ್ಯಂತ ವಿಶೇಷ ಪರಿಶೀಲನೆ ನಡೆಸಬೇಕಾಯಿತು. ಮಾಡದ ವ್ಯಾಪಾರಕ್ಕೆ ತೆರಿಗೆ ನೋಟೀಸು ಬಂದಾಗ ಉತ್ತರ ಕೊಡಬೇಕಾದವನು ಹೆಸರಿನ ಒಡೆಯನೇ ಹೊರತು ಕಳ್ಳನಲ್ಲ.

ಸಹಕಾರಿ ಬ್ಯಾಂಕುಗಳಲ್ಲಿ ವ್ಯವಹಾರ ಇಟ್ಟುಕೊಂಡವರೂ ಎರಡು ಘಟನೆಗಳನ್ನು ನೆನಪಿನಲ್ಲಿಡಬೇಕು. 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನಿಂದ ಸುಮಾರು 94 ಕೋಟಿ ರೂಪಾಯಿಗಳನ್ನು ಹ್ಯಾಕರ್‌ಗಳು ದೋಚಿದರು. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ತಂತ್ರಾಂಶ ಸೇವಾ ಸಂಸ್ಥೆಯ ಮೇಲೆ ದಾಳಿ ನಡೆದಾಗ, ಅದರ ಸೇವೆಯನ್ನು ಪಡೆಯುತ್ತಿದ್ದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ವ್ಯವಸ್ಥೆಯು ತಾತ್ಕಾಲಿಕವಾಗಿ ಸ್ಥಗಿತಗೊಂಡಿತು. ಆ ಬ್ಯಾಂಕುಗಳು ಯಾವ ತಪ್ಪನ್ನೂ ಮಾಡಿರಲಿಲ್ಲ. ಅವು ಬೇರೊಬ್ಬರನ್ನು ನೆಚ್ಚಿದ್ದವು, ಅಷ್ಟೆ.

ಮಾಡಬೇಕಾದುದೇನು?

ಹೆಚ್ಚಿನ ವೆಚ್ಚವಿಲ್ಲದೆ, ಪ್ರತಿಯೊಬ್ಬ ವರ್ತಕನೂ ಕೈಗೊಳ್ಳಬಹುದಾದ ಕ್ರಮಗಳಿವೆ.

ಮೊದಲನೆಯದು, ರಿಪೇರಿ. ಗಣಕಯಂತ್ರವನ್ನು ಹೊರಗೆ ಕೊಡುವ ಮುನ್ನ ಲೆಕ್ಕಪತ್ರಗಳ ಪ್ರತಿಯನ್ನು ಬೇರೆಡೆ ತೆಗೆದಿಟ್ಟುಕೊಳ್ಳಬೇಕು. ಬ್ಯಾಂಕು, ತೆರಿಗೆ, ಮಿಂಚಂಚೆಗಳಿಂದ ಲಾಗ್ ಔಟ್ ಆಗಿರಬೇಕು. ಸಾಧ್ಯವಾದರೆ ಮಾಹಿತಿ ಇರುವ ಡಿಸ್ಕನ್ನು ಕಳಚಿಟ್ಟುಕೊಂಡು ಯಂತ್ರವನ್ನು ಮಾತ್ರ ಕೊಡಬೇಕು. ಯಂತ್ರವು ಹಿಂದಿರುಗಿದ ಮೇಲೆ, ಅದರಲ್ಲಿ ವ್ಯವಹಾರ ಆರಂಭಿಸುವ ಮೊದಲು ಪರವಾನಗಿಯುಳ್ಳ ಆಂಟಿವೈರಸ್‌ನಿಂದ ಪೂರ್ಣ ತಪಾಸಣೆ ಮಾಡಬೇಕು. ಬಳಿಕ ಬೇರೊಂದು ಯಂತ್ರದಿಂದ ಮುಖ್ಯ ಗುಪ್ತಪದಗಳನ್ನು ಬದಲಿಸಿ, 'ಎಲ್ಲ ಸಾಧನಗಳಿಂದ ಲಾಗ್ ಔಟ್' ಎಂಬ ಸೌಲಭ್ಯವಿದ್ದಲ್ಲಿ ಅದನ್ನು ಬಳಸಬೇಕು. ಜಾತ್ರೆಯ ಕೈಮುದ್ರೆಯನ್ನು ಅಳಿಸುವ ಉಪಾಯ ಇದೇ. ನಕಲಿ ವಿಂಡೋಸ್, ನಕಲಿ ಲೆಕ್ಕದ ತಂತ್ರಾಂಶಗಳನ್ನು ಹಾಕಿಸಿಕೊಂಡು ಉಳಿಸುವ ಕೆಲವು ಸಾವಿರ ರೂಪಾಯಿ, ಕಳ್ಳನಿಗೆ ತೆರೆದಿಟ್ಟ ಬಾಗಿಲಿಗೆ ಸಮ.

ಎರಡನೆಯದು, ಕೀಲಿಕೈ. ತೆರಿಗೆ ಸಲಹೆಗಾರರ ಮೊಬೈಲ್ ಸಂಖ್ಯೆಯನ್ನೇ ನೋಂದಣಿಗೆ ಕೊಟ್ಟಿರುವ ವರ್ತಕರು ಅದನ್ನು ತಮ್ಮ ಸಂಖ್ಯೆಗೆ ಬದಲಿಸಿಕೊಳ್ಳಬೇಕು. ಡಿಜಿಟಲ್ ಸಹಿಯ ಸಾಧನವು ಮಾಲೀಕನ ಕೈಸಹಿಗೆ ಸಮಾನವಾದುದು. ಸಹಿ ಹಾಕಿದ ಖಾಲಿ ಚೆಕ್ಕುಗಳನ್ನು ಅನ್ಯರ ಮೇಜಿನ ಸೆಳೆಖಾನೆಯಲ್ಲಿ ಬಿಟ್ಟುಬರದವರು, ಡಿಜಿಟಲ್ ಸಹಿಯನ್ನೂ ಹಾಗೆ ಬಿಟ್ಟುಬರಬಾರದು. ಇ-ವೇ ಬಿಲ್ ವ್ಯವಸ್ಥೆಯಲ್ಲಿ ನೌಕರರಿಗೆ ಪ್ರತ್ಯೇಕ ಉಪಬಳಕೆದಾರರ ಹೆಸರು ಕೊಡುವ ಸೌಲಭ್ಯವಿದೆ. 2025ರ ಏಪ್ರಿಲ್ 1ರಿಂದ ಎರಡು ಹಂತದ ದೃಢೀಕರಣವನ್ನು ಎಲ್ಲ ತೆರಿಗೆದಾರರಿಗೂ ಕಡ್ಡಾಯಗೊಳಿಸಲಾಯಿತು. ಇದನ್ನು ಕಿರಿಕಿರಿಯೆಂದು ಭಾವಿಸಿ, ಒಟಿಪಿಯನ್ನು ದೂರವಾಣಿಯಲ್ಲಿ ಓದಿ ಹೇಳುವ ಅಭ್ಯಾಸ ಬೆಳೆಸಿಕೊಂಡರೆ ಇದರ ಉದ್ದೇಶವೇ ವಿಫಲವಾಗುತ್ತದೆ. ನೌಕರನು ಕೆಲಸ ಬಿಟ್ಟ ದಿನವೇ ಅವನ ಪ್ರವೇಶವನ್ನು ರದ್ದುಪಡಿಸಬೇಕು.

ಮೂರನೆಯದು, ಕರಾರು. ಗಣಕಯಂತ್ರ ನೋಡಿಕೊಳ್ಳುವವರೊಡನೆ ಒಂದು ಪುಟದ ಲಿಖಿತ ಒಪ್ಪಂದವಿರಬೇಕು. ಅವರು ಏನನ್ನು ನೋಡಬಹುದು, ಏನನ್ನು ನೋಡಬಾರದು, ಯಾವ ತಂತ್ರಾಂಶ ಹಾಕಿದರು, ದೂರದಿಂದ ಯಂತ್ರದೊಳಗೆ ಬರುವ ಅವಕಾಶ ಯಾವಾಗ ತೆರೆದಿತ್ತು, ಯಾವಾಗ ಮುಚ್ಚಿತು ಎಂಬುದು ಅದರಲ್ಲಿ ಸ್ಪಷ್ಟವಾಗಬೇಕು. ಇದು ಅಪನಂಬಿಕೆಯ ಮಾತಲ್ಲ. ಲೆಕ್ಕ ಸ್ಪಷ್ಟವಾಗಿದ್ದಾಗಲೇ ಸ್ನೇಹ ಉಳಿಯುತ್ತದೆಂಬುದು ವ್ಯಾಪಾರದ ಮೊದಲ ಪಾಠ.

ನಾಲ್ಕನೆಯದು, ಸಾಮೂಹಿಕ ಪ್ರಯತ್ನ. ಒಬ್ಬ ಕೊಬ್ಬರಿ ವರ್ತಕನು ಭದ್ರತಾ ಪರಿಣತರನ್ನು ನೇಮಿಸಿಕೊಳ್ಳಲಾರ. ಆದರೆ ನಾಲ್ಕು ಊರುಗಳ ವರ್ತಕ ಸಂಘಗಳು ಒಟ್ಟುಗೂಡಿ, ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯ ಪಟ್ಟಿಯಲ್ಲಿರುವ ಪರಿಶೋಧಕರೊಬ್ಬರನ್ನು ವರ್ಷಕ್ಕೊಮ್ಮೆ ಕರೆಸಿದರೆ, ತಲಾ ವೆಚ್ಚವು ಭಾರವಾಗಲಾರದು. ಹಾಸನದ ಮಲೆನಾಡು ತಾಂತ್ರಿಕ ಮಹಾವಿದ್ಯಾಲಯವು 1960ರಿಂದಲೂ ಎಂಜಿನಿಯರುಗಳನ್ನು ರೂಪಿಸುತ್ತಿದೆ. ಶ್ರವಣಬೆಳಗೊಳದಲ್ಲಿಯೂ ಎಂಜಿನಿಯರಿಂಗ್ ಕಾಲೇಜು ಇದೆ. ಈ ಕಾಲೇಜುಗಳ ಗಣಕ ವಿಜ್ಞಾನ ವಿದ್ಯಾರ್ಥಿಗಳು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ, ಮಾಲೀಕರ ಲಿಖಿತ ಅನುಮತಿಯೊಂದಿಗೆ, ಸಣ್ಣ ಘಟಕಗಳ ಭದ್ರತೆಯನ್ನು ಪರೀಕ್ಷಿಸುವ ಏರ್ಪಾಡು ಮಾಡಬಹುದು. ವಿದ್ಯಾರ್ಥಿಗಳಿಗೆ ಅನುಭವ ದೊರೆಯುತ್ತದೆ, ವರ್ತಕರಿಗೆ ತಮ್ಮ ಮನೆಯ ಕಿಂಡಿಗಳು ತಿಳಿಯುತ್ತವೆ. ಈ ವಿದ್ಯೆಯಲ್ಲಿ ಆಸಕ್ತಿಯುಳ್ಳ ಹುಡುಗನಿಗೆ ಊರಿನಲ್ಲಿಯೇ ಗೌರವದ ಕೆಲಸ ಸಿಕ್ಕಿದರೆ, ಅವನು ಅಡ್ಡದಾರಿ ಹಿಡಿಯುವ ಸಂಭವವೂ ಕಡಿಮೆಯಾಗುತ್ತದೆ. ಹ್ಯಾಕರ್‌ಗಳನ್ನು ನೇಮಿಸಿಕೊಳ್ಳಬೇಕೇ ಎಂಬ ಪ್ರಶ್ನೆಗೆ ಹಾಸನ ಜಿಲ್ಲೆಯು ಕೊಡಬಹುದಾದ ಉತ್ತರ ಇದು.

ಐದನೆಯದು, ಮುಚ್ಚಿಡದಿರುವುದು. ಹಣ ಕಳುವಾದುದು ತಿಳಿದೊಡನೆ 1930 ಸಂಖ್ಯೆಗೆ ಕರೆ ಮಾಡಬೇಕು. ಬ್ಯಾಂಕಿಗೂ ಹಾಸನದ ಸೈಬರ್ ಅಪರಾಧ ಠಾಣೆಗೂ ದೂರು ಕೊಡಬೇಕು. ಹಣವು ಖಾತೆಯಿಂದ ಖಾತೆಗೆ ಹಾರುತ್ತಿರುವಾಗ ಮೊದಲ ಒಂದೆರಡು ಗಂಟೆಗಳೇ ನಿರ್ಣಾಯಕ. ಸೈಬರ್ ದಾಳಿಯು ಗಮನಕ್ಕೆ ಬಂದ 6 ಗಂಟೆಗಳೊಳಗೆ ಕಂಪನಿಗಳು ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಬೇಕೆಂಬ ನಿರ್ದೇಶನವು 2022ರ ಏಪ್ರಿಲ್ 28ರಂದೇ ಹೊರಟಿದೆ. ಅಂಗಡಿಯ ಹೆಸರು ಕೆಡುತ್ತದೆಂಬ ಸಂಕೋಚದಿಂದ ಸುಮ್ಮನಿರುವವರು, ಪಕ್ಕದ ಅಂಗಡಿಗೂ ಅದೇ ಕಳ್ಳನನ್ನು ಕಳುಹಿಸಿಕೊಟ್ಟಂತಾಗುತ್ತದೆ. ಭದ್ರತೆಯನ್ನೇ ಮಾರುವ ಕಂಪನಿಗಳು ತಮ್ಮ ಸೋಲನ್ನು ಬಹಿರಂಗವಾಗಿ ಹೇಳಿಕೊಂಡಿರುವಾಗ, ಕೊಬ್ಬರಿ ಅಥವಾ ಅಕ್ಕಿ ಮಾರುವವರು ನಾಚಬೇಕಾದ ಕಾರಣವಿಲ್ಲ.

ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರು ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಪರಿಣತರನ್ನು ನೇಮಿಸಿಕೊಳ್ಳುವುದರಿಂದ ಬಾಗಿಲು ಗಟ್ಟಿಯಾಗುತ್ತದೆ. ಆದರೆ ಬಾಗಿಲು ಹಾಕಿದೆಯೇ ಎಂದು ನೋಡುವ ಹೊಣೆ ಮಾಲೀಕನದಾಗಿಯೇ ಉಳಿಯುತ್ತದೆ. ಹಿಂದಿನವರು ಅಂಗಡಿ ಮುಚ್ಚಿದ ಮೇಲೆ ಬೀಗವನ್ನು ಒಮ್ಮೆ ಜಗ್ಗಿ ನೋಡಿಯೇ ಹೊರಡುತ್ತಿದ್ದರು. ತನ್ನ ಗುಪ್ತಪದಗಳು, ಡಿಜಿಟಲ್ ಸಹಿ ಮತ್ತು ಒಟಿಪಿ ಬರುವ ಮೊಬೈಲ್ ಈ ಹೊತ್ತು ಯಾರ ಬಳಿ ಇವೆ ಎಂಬುದನ್ನು ಪ್ರತಿಯೊಬ್ಬ ವರ್ತಕನೂ ಒಂದು ಹಾಳೆಯ ಮೇಲೆ ಬರೆದು ನೋಡಲಿ. ಬೀಗವನ್ನು ಜಗ್ಗಿ ನೋಡುವ ಆ ಹಳೆಯ ಪದ್ಧತಿಯನ್ನು ಅಲ್ಲಿಂದಲೇ ಪುನಃ ಆರಂಭಿಸಬಹುದು.